ಕತ್ತು ನೆಟ್ಟಗಾದರೆ ಕಾಲು ನೇತಾಡುತ್ತೆ

ಭಾನುವಾರ ಬೆಳಿಗ್ಗೆ ದರ್ಶಿನಿಯಲ್ಲಿ ನಾವು ನಾಲ್ಕು ಜನ ಸೇರುವುದು ಹಳೇ ರೂಢಿ. ಹೈಸ್ಕೂಲಿನಿಂದ ಜೊತೆಗಿದ್ದವರು, ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಬ್ಯಾಂಕಿನಲ್ಲಿರುವವನು ಬ್ಯಾಂಕು, ಸಾಫ್ಟ್‌ವೇರಿನವನು ಕೋಡು, ಫಿಸಿಕ್ಸ್ ಪಾಠ ಮಾಡುವವನು ಮೇಷ್ಟ್ರು. ನಾನು ಮನೆಯಲ್ಲೇ ಕೂತು ಪುಸ್ತಕಗಳ ಡಿಟಿಪಿ ಮಾಡುವವನು, ಹಾಗಾಗಿ ಪ್ರೂಫು.

ಅವತ್ತು ಕೋಡು ಬಂದಾಗ ಕತ್ತು ತಿರುಗುತ್ತಿರಲಿಲ್ಲ. ಬ್ಯಾಂಕು ಎಡಗಡೆಯಿಂದ "ಏನೋ" ಅಂದರೆ ಇಡೀ ಮನುಷ್ಯನೇ ತಿರುಗಿದ, ಸಿಟಿ ಬಸ್ಸು ಯೂಟರ್ನ್ ಹೊಡೆದ ಹಾಗೆ.

"28,000 ಕೊಟ್ಟು ಕುರ್ಚಿ ತಗೊಂಡೆಯಲ್ಲೋ, ಆದರೂ ನೋವಾ?"

ಆ ಕುರ್ಚಿ ನಾವೆಲ್ಲ ನೋಡಿದ್ದೇವೆ. ಒಂದು ಲಿವರ್ ಎಳೆದರೆ ಏರುತ್ತದೆ, ಇನ್ನೊಂದು ಎಳೆದರೆ ಹಿಂದಕ್ಕೆ ವಾಲುತ್ತದೆ, ಮೂರನೆಯದು ಏನು ಮಾಡುತ್ತದೆ ಅಂತ ಅವನಿಗೂ ಗೊತ್ತಿಲ್ಲ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟ. ಇಟ್ಟ ಅಂದರೆ ಪಾಠ ಶುರು ಅಂತಲೇ ಅರ್ಥ.

"ಕುರ್ಚಿ ಬಿಡೋ. ಲ್ಯಾಪ್‌ಟಾಪ್ ಎಲ್ಲಿಟ್ಟಿದ್ದೀಯ?"

"ಟೇಬಲ್ ಮೇಲೆ. ಇನ್ನೆಲ್ಲಿ ಇಡ್ತಾರೆ?"

"ಅಲ್ಲೇ ಎಡವಟ್ಟು. ಮನುಷ್ಯನ ತಲೆ ನಾಲ್ಕೈದು ಕೆಜಿ ತೂಗುತ್ತೆ. ನೆಟ್ಟಗಿದ್ದರೆ ಬೆನ್ನುಮೂಳೆ ಹೊರುತ್ತೆ. ನೀನು ದಿನವಿಡೀ ಬಗ್ಗಿಸಿಕೊಂಡು ಕೂತರೆ ಕತ್ತಿನ ಸ್ನಾಯು ಜಗ್ಗಿ ಹಿಡ್ಕೊಂಡಿರಬೇಕು. ನೀರಿನ ಕೊಡ ಸೊಂಟದ ಮೇಲಾದರೆ ಬಾವಿಯಿಂದ ಮನೆವರೆಗೂ ತರಬಹುದು. ಕೈ ಚಾಚಿ ಹಿಡ್ಕೋ ನೋಡೋಣ."

"ಇವನ ತಲೆ ಅಷ್ಟು ತೂಕ ಇರಲಾರದು," ಅಂದ ಬ್ಯಾಂಕು. ಅವನ ಸಲಹೆಯೇ ಬೇರೆ. ನಿಂತುಕೊಂಡು ಕೆಲಸ ಮಾಡುವ ಟೇಬಲ್ ಬಂದಿದೆ, ಅದನ್ನೇ ತಗೋ ಅಂತ. ಅದರಲ್ಲೇನು ಹೊಸದು ಅಂತ ನಾನಂದೆ. ಜಯನಗರದಲ್ಲಿ 1983ರಲ್ಲಿ ಮೊದಲ ದರ್ಶಿನಿ ಬಾಗಿಲು ತೆರೆದಾಗಿನಿಂದ ಬೆಂಗಳೂರಿನವರು ನಿಂತೇ ಇಡ್ಲಿ ಮುಗಿಸುತ್ತಿದ್ದಾರೆ, ಆ ಟೇಬಲ್ಲೂ ಸರಿಯಾಗಿ ಮೊಣಕೈ ಎತ್ತರಕ್ಕೇ ಇದೆ, ನೋಡಿ.

"ಹತ್ತು ನಿಮಿಷಕ್ಕೆ ಸರಿ," ಅಂದ ಮೇಷ್ಟ್ರು. "ಬೆಳಿಗ್ಗೆಯಿಂದ ಕೌಂಟರಿನ ಹಿಂದೆ ನಿಂತಿರೋ ಆ ಹುಡುಗನ್ನ ಮೀನಖಂಡ ಹೇಗಿದೆ ಅಂತ ಕೇಳು. ಸ್ವಲ್ಪ ಕೂರಬೇಕು, ಸ್ವಲ್ಪ ನಿಲ್ಲಬೇಕು, ಮಧ್ಯೆ ಎದ್ದು ಓಡಾಡಬೇಕು."

ಇಷ್ಟರಲ್ಲಿ ನನ್ನ ಗೋಳೂ ಹೊರಬಂತು. ನಾನು ಹೊಡೆಯುವುದು ನುಡಿ ಕೀಲಿಮಣೆಯಲ್ಲಿ. ಒತ್ತಕ್ಷರಕ್ಕೆಲ್ಲ ಎಫ್ ಒತ್ತಬೇಕು. 'ಸ್ವಾತಂತ್ರ್ಯ' ಅಂತ ಒಂದು ಸಲ ಹೊಡೆದರೆ ಎಫ್ ಮೂರು ಸಲ. ಹೋದ ವರ್ಷ ಸ್ವಾತಂತ್ರ್ಯ ಹೋರಾಟದ ಬಗ್ಗೆ 400 ಪುಟದ ಪುಸ್ತಕ ಮಾಡಿಕೊಟ್ಟೆ, ನನ್ನ ಎಡಗೈ ತೋರುಬೆರಳು ಹುತಾತ್ಮನಾಯಿತು. ಇನ್ನು ಖ, ಘ, ಧ, ಭ ಬಂದರೆ ಕಿರುಬೆರಳಲ್ಲಿ ಶಿಫ್ಟ್ ಹಿಡಿಯಬೇಕು. ಕೆಲವು ಲೇಖಕರಿಗೆ ಮಹಾಪ್ರಾಣ ಇಲ್ಲದೆ ಒಂದು ವಾಕ್ಯ ಮುಗಿಸಲು ಬರುವುದಿಲ್ಲ, ನನ್ನ ಪ್ರಾಣ ಹೋದರೂ ಸರಿಯೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರವಣಿಗೆಯಲ್ಲಿ ಮಹಾಪ್ರಾಣ ಬಿಡಿ ಅಂದಾಗ ಪಂಡಿತರು ಜಗಳಕ್ಕೆ ಬಂದರಲ್ಲ, ಅವರ್‍ಯಾರೂ ಡಿಟಿಪಿ ಮಾಡುವವರಲ್ಲ ಅಂತ ನನ್ನ ಗುಮಾನಿ.

"ಜೋಮು ಹಿಡಿಯುತ್ತಾ?" ಮೇಷ್ಟ್ರು ಕೇಳಿದ.

"ಇಲ್ಲ, ಬರೀ ನೋವು."

"ನಂಗೆ ಹಿಡಿಯುತ್ತೆ ಕಣೋ," ಅಂದ ಬ್ಯಾಂಕು, ಸ್ವಲ್ಪ ತಗ್ಗಿದ ದನಿಯಲ್ಲಿ. "ರಾತ್ರಿ ಹೊತ್ತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು."

ಕಿರುಬೆರಳಿಗೆ ಏನೂ ಇಲ್ಲ ತಾನೇ ಅಂತ ಕೇಳಿದ ಮೇಷ್ಟ್ರು, ಇಲ್ಲ ಅಂದಾಗ ತಮಾಷೆ ನಿಲ್ಲಿಸಿಬಿಟ್ಟ. ಮಣಿಕಟ್ಟಿನ ಸಂದಿಯಲ್ಲಿ ಒಂದು ನರ ಹೋಗುತ್ತದಂತೆ, ಅದು ಅಮುಕಿಕೊಂಡರೆ ಇದೇ ಬೆರಳುಗಳಿಗೆ ಜೋಮು. ಮಣಿಕಟ್ಟು ಮೇಲಕ್ಕೆ ಮುರಿದು ಮೌಸ್ ಹಿಡಿಯಬೇಡ, ಮೌಸ್ ಕೀಬೋರ್ಡಿನ ಪಕ್ಕಕ್ಕೇ ತಂದುಕೋ, ಈ ವಾರವೇ ಡಾಕ್ಟರಿಗೆ ತೋರಿಸು ಅಂದ. ಬ್ಯಾಂಕು ತಲೆಯಾಡಿಸಿದ. ತೋರಿಸುವ ಗಿರಾಕಿ ಅಲ್ಲ ಬಿಡಿ.

ಅಲ್ಲಿಂದ ಸೀದಾ ಕೋಡಿನ ಮನೆಗೆ ಹೋದೆವು. ಲ್ಯಾಪ್‌ಟಾಪ್ ಎತ್ತರಿಸಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು. ಅವನ ಅಟ್ಟದ ಮೇಲೆ ಅವರಪ್ಪನ ಕಾಲದ ನಿಘಂಟಿನ ಸಂಪುಟಗಳಿದ್ದವು. ಮೂರು ಸಂಪುಟ ಇಟ್ಟೆವು. ಕತ್ತು ನೆಟ್ಟಗಾಯಿತು. ಆದರೆ ಈಗ ಕೈ ಎರಡೂ ಎದೆ ಮಟ್ಟದಲ್ಲಿ, ಯಾರೋ ಪಿಸ್ತೂಲ್ ತೋರಿಸಿದ ಹಾಗೆ. ಲ್ಯಾಪ್‌ಟಾಪಿನ ಹಣೆಬರಹವೇ ಅಷ್ಟು, ಪರದೆ ಸರಿ ಮಾಡಿದರೆ ಕೀಲಿ ಕೆಡುತ್ತದೆ, ಕೀಲಿ ಸರಿ ಮಾಡಿದರೆ ಕತ್ತು. ಮಗಳ ಕೀಬೋರ್ಡು ತಂದು ಕೆಳಗಿಟ್ಟೆವು. ಅವರ ಮೇಜೂ ಎತ್ತರ, ಕೋಡು ಐದಡಿ ಮೂರಂಗುಲ. ಮೊಣಕೈ ಲಂಬಕೋನಕ್ಕೆ ಬರಲಿ ಅಂತ ಕುರ್ಚಿ ಏರಿಸಿದರೆ ಕಾಲು ನೆಲ ಬಿಟ್ಟಿತು. ಜಾತ್ರೆಯ ತೊಟ್ಟಿಲಲ್ಲಿ ಕೂತವನ ಹಾಗೆ ಎರಡೂ ಕಾಲು ಆಡಿಸುತ್ತಾ, ಈಗ ಚೆನ್ನಾಗಿದೆ ಕಣ್ರೋ ಅಂತಾನೆ! ತೊಡೆಯ ಕೆಳಗೆ ಕುರ್ಚಿ ಅಂಚು ಒತ್ತಿ ಸಂಜೆಗೆ ಕಾಲು ಮರಗಟ್ಟುತ್ತೆ ಅಂತ ಬೈದು ಬ್ಯಾಂಕು ಅಡುಗೆಮನೆಯಿಂದ ಮಣೆ ಎತ್ತಿಕೊಂಡು ಬಂದ.

"ಅಯ್ಯೋ, ಊಟಕ್ಕೆ ಕೂರೋ ಮಣೆ ಮೇಲೆ ಕಾಲಿಡ್ತೀರೇನ್ರೋ!" ಅಂತ ಕೋಡಿನ ಅಮ್ಮ ಸೌಟು ಹಿಡಿದೇ ಬಂದರು. ಮಣೆ ವಾಪಸ್ಸು ಹೋಯಿತು. ಹಳೇ ಪೇಪರಿನ ಎರಡು ಕಟ್ಟು ಬಂದವು.

ಎಲ್ಲ ಮುಗಿಯಿತು ಅನ್ನುವಾಗ ಕೋಡು ಗಲ್ಲ ಎತ್ತಿ ಆಕಾಶ ನೋಡುವವನ ಹಾಗೆ ಪರದೆ ನೋಡತೊಡಗಿದ. ನಲವತ್ತೇಳಾಯಿತಲ್ಲ, ದೂರದ್ದು ಮೇಲೆ, ಹತ್ತಿರದ್ದು ಕೆಳಗೆ ಅನ್ನುವ ಕನ್ನಡಕ. ಅದನ್ನು ಹಾಕಿದವರಿಗೆ ಪರದೆ ಇನ್ನೂ ತಗ್ಗಲ್ಲಿರಬೇಕು. ಒಂದು ಸಂಪುಟ ತೆಗೆದೆವು. ಗಲ್ಲ ಇಳಿಯಿತು. ಸೊಂಟದ ಹಿಂದೆ ಟವೆಲ್ ಸುತ್ತಿಟ್ಟೆವು. 28,000ದ ಕುರ್ಚಿಗೆ ಟವೆಲ್ಲಾ ಅಂತ ಅವನಿಗೆ ಬೇಜಾರು.

ಆಗ ಮೇಷ್ಟ್ರು ಆ ಮೂರನೇ ಲಿವರ್ ಎಳೆದ. ಬೆನ್ನಿನ ದಿಂಬು ಮೆಲ್ಲಗೆ ಮುಂದಕ್ಕೆ ಬಂತು.

ಮುಂದಿನ ಭಾನುವಾರ ಅವನ ಮನೆಗೇ ಹೋದರೆ ಕುರ್ಚಿ ಹಾಲ್‌ನಲ್ಲಿತ್ತು. ಅಮ್ಮ ಅದರಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ಬೆನ್ನು ಒರಗಿತ್ತು, ಪಾದ ನೆಲಕ್ಕೆ ಸಮವಾಗಿತ್ತು, ಮೊಣಕೈ ಸರಿಯಾಗಿ ಲಂಬಕೋನ. ಕೋಡು ಒಳಗೆ ಊಟದ ಟೇಬಲಿನ ಕುರ್ಚಿಯಲ್ಲಿ ಗೂನು ಬೆನ್ನು ಮಾಡಿಕೊಂಡು ಮೀಟಿಂಗಿನಲ್ಲಿದ್ದ.

"ಅಮ್ಮಾ, ಕುರ್ಚಿ ಕೊಡಮ್ಮ," ಅಂತ ಒಳಗಿಂದ ಕೂಗಿದ.

"ಇರೋ, ಇನ್ನೂ ಅರ್ಧ ಕೆಜಿ ಇದೆ."