ಸಸ್ಯಾಹಾರಿ ಮನೆಯಲ್ಲಿ ಎರಡು ಫೆರೆಟ್: ಏನು ಹಾಕುವುದು, ಎಷ್ಟು ಹಾಕುವುದು?

ಥೇಮ್ಸ್_ದಂಡೆ:
ಯುಕೆಯಲ್ಲಿದ್ದೇವೆ. ಮನೆಗೆ ಎರಡು ಫೆರೆಟ್ (ಮುಂಗುಸಿಯಂತೆ ಕಾಣುವ ಪುಟ್ಟ ಸಾಕುಪ್ರಾಣಿ) ಬಂದಿವೆ, ಎರಡಕ್ಕೂ ಐದು ತಿಂಗಳು. ಗಂಡು 1.2 ಕೆಜಿ, ಹೆಣ್ಣು 700 ಗ್ರಾಂ. ಕೊಟ್ಟವರು ಹಾಲಲ್ಲಿ ನೆನೆಸಿದ ಬ್ರೆಡ್ಡು, ಜೊತೆಗೆ ಅಗ್ಗದ ಬೆಕ್ಕಿನ ಡ್ರೈ ಫುಡ್ ಹಾಕುತ್ತಿದ್ದರಂತೆ. ಎರಡಕ್ಕೂ ಕಕ್ಕ ನೀರುನೀರಾಗಿದೆ. ನಮ್ಮದು ಮೊಟ್ಟೆಯೂ ಬಾರದ ಅಡುಗೆಮನೆ. ಪನೀರ್, ಬೇಯಿಸಿದ ಬೇಳೆ, ಮೊಸರನ್ನ ಕೊಟ್ಟು ಸರಿದೂಗಿಸಬಹುದಾ? ದಿನಕ್ಕೆ ಎಷ್ಟು ಸಲ ಹಾಕಬೇಕು?

ನೀರುನಾಯಿ:
ಸರಿದೂಗುವುದಿಲ್ಲ ಮೇಡಂ. ಹಾಲು-ಬ್ರೆಡ್ಡು ಇವತ್ತೇ ನಿಲ್ಲಿಸಿ. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಫೆರೆಟ್ ಸಾಕುತ್ತಿದ್ದವರ ಹಳೆಯ ರೂಢಿ ಅದು. ಖರ್ಚು ಕಮ್ಮಿ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಗುಣವಿಲ್ಲ. ಹಾಲು ಬಿಟ್ಟ ಮರಿಗೆ ಲ್ಯಾಕ್ಟೋಸ್ ಸರಿಯಾಗಿ ಅರಗುವುದಿಲ್ಲ, ಭೇದಿಗೆ ಮೊದಲ ಅನುಮಾನ ಅದರ ಮೇಲೇ.

ಫೆರೆಟ್ಟನ್ನು ಮುಂಗುಸಿಯ ನೆಂಟ ಅಂದುಕೊಳ್ಳುವವರು ಬಹಳ. ಅಲ್ಲ, ಅದು ನಮ್ಮ ತುಂಗಭದ್ರೆಯ ನೀರುನಾಯಿಯ ಕುಟುಂಬದ್ದು, ಅಪ್ಪಟ ಮಾಂಸಾಹಾರಿ. ಕರುಳು ಗಿಡ್ಡ. ನಾರನ್ನು ಹುದುಗಿಸಿ ಅರಗಿಸಲು ಮೊಲಕ್ಕೆ ಇರುವ ಚೀಲದಂಥ ಭಾಗ ಇದಕ್ಕೆ ಇಲ್ಲವೇ ಇಲ್ಲ. ತಿಂದದ್ದು 3-4 ಗಂಟೆಯಲ್ಲಿ ಆಚೆ ಬರುತ್ತದೆ. ಹಾಗಾಗಿ ಅನ್ನ, ತರಕಾರಿ ಒಳಗೆ ಹೋದ ಹಾಗೇ ಹೊರಗೆ.

ಬೇಳೆಯಲ್ಲಿ ಪ್ರೋಟೀನ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆದರೆ ಮಾಂಸದಲ್ಲಿ ಸಿಗುವ ಟಾರಿನ್ ಅನ್ನುವ ಪೋಷಕಾಂಶ ಅದರಲ್ಲಿ ಇಲ್ಲ. ಟಾರಿನ್ ಇಲ್ಲದಿದ್ದರೆ ಹೃದಯ, ಕಣ್ಣು ಎರಡಕ್ಕೂ ಏಟು. ಇನ್ನೊಂದು, ಸಸ್ಯದ ಪ್ರೋಟೀನ್ ಹೆಚ್ಚಾದರೆ ಮೂತ್ರ ಕ್ಷಾರೀಯವಾಗಿ ಸ್ಟ್ರುವೈಟ್ ಅನ್ನುವ ಕಲ್ಲು ಕಟ್ಟುತ್ತದೆ. ಗಂಡಿನ ಮೂತ್ರನಾಳ ಬಲು ಸಣ್ಣದು, ಒಂದು ಹರಳು ಸಿಕ್ಕಿಕೊಂಡರೆ ಸಾಕು. ಮುಕ್ಕರಿದರೂ ತೊಟ್ಟಷ್ಟೇ ಬಂದರೆ ಬೆಳಗಿನ ತನಕ ಕಾಯಬೇಡಿ, ಆಗಲೇ ವೆಟ್ ಹತ್ತಿರ ಓಡಿ.

ಹೊತ್ತು ನೋಡಿ ಹಾಕುವ ಪ್ರಾಣಿ ಅಲ್ಲ ಇದು. ದಿನಕ್ಕೆ 8-10 ಸಲ ಸ್ವಲ್ಪಸ್ವಲ್ಪ ತಿನ್ನುತ್ತದೆ. ಡ್ರೈ ಫುಡ್ ಬಟ್ಟಲು ರಾತ್ರಿ-ಹಗಲು ತುಂಬಿರಲಿ. ಅಂದಾಜು ಬೇಕಿದ್ದರೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 40-50 ಗ್ರಾಂ: ಗಂಡಿಗೆ 50-60, ಹೆಣ್ಣಿಗೆ 30-35. ಬೆಳೆಯುವ ವಯಸ್ಸು, ಇನ್ನೂ ಹೆಚ್ಚು ತಿಂದರೆ ತಿನ್ನಲಿ. ನೀರಿಗೆ ಭಾರದ ಪಿಂಗಾಣಿ ಬಟ್ಟಲು ಇಡಿ, ಹಗುರದ್ದಾದರೆ ಮಗುಚಿ ಆಟ ಆಡುತ್ತವೆ.

ಲೇಬಲ್_ಓದುಗ:
ಅಡುಗೆಮನೆಗೆ ಹಸಿ ಮಾಂಸ ತರುವುದು ಬೇಡ ಅಂದರೆ ಒಳ್ಳೆಯ ಡ್ರೈ ಫುಡ್ಡೇ ದಾರಿ. ಪೊಟ್ಟಣದ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಅಂಕಿ ನೋಡಿ. ಎಲ್ಲ ಶೇಕಡಾ ಲೆಕ್ಕ: ಪ್ರೋಟೀನ್ ಕನಿಷ್ಠ 35, ಸಾಧ್ಯವಾದರೆ 40ರ ಹತ್ತಿರ. ಕೊಬ್ಬು 18-20. ನಾರು 3ರ ಒಳಗೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಎರಡು-ಮೂರು ಹೆಸರು ಕೋಳಿ, ಟರ್ಕಿ ಥರದ ಮಾಂಸವೇ ಆಗಿರಬೇಕು. ‘ಸೀರಿಯಲ್ಸ್’ ಮೊದಲು ಬಂದರೆ ವಾಪಸ್ ಇಡಿ.

ಪಿಷ್ಟ ಎಷ್ಟು ಅಂತ ಯಾರೂ ಬರೆಯುವುದಿಲ್ಲ, ನಾವೇ ಕಳೆಯಬೇಕು. ಉದಾಹರಣೆಗೆ ಪ್ರೋಟೀನ್ 38, ಕೊಬ್ಬು 20, ನಾರು 2.5, ಬೂದಿ (ಅಂದರೆ ಖನಿಜಾಂಶ) 8. ಡ್ರೈ ಫುಡ್ಡಿನಲ್ಲಿ ತೇವಾಂಶ ಹೆಚ್ಚಾಗಿ ನಮೂದಿಸಿರುವುದಿಲ್ಲ, 8 ಅಂತ ಹಿಡಿಯಿರಿ. ಒಟ್ಟು 76.5. ನೂರರಲ್ಲಿ ಕಳೆದರೆ 23.5 ಪಿಷ್ಟ. ಡ್ರೈ ಫುಡ್ಡಿನ ಕಾಳಿಗೆ ಆಕಾರ ಬರಲು ಸ್ವಲ್ಪ ಪಿಷ್ಟ ಬೇಕೇ ಬೇಕು, ಇಷ್ಟು ಸಹಿಸಬಹುದು. ಈಗ ಅಗ್ಗದ ಬೆಕ್ಕಿನದ್ದು: 30, 10, 3, 8, 8. ಉಳಿದದ್ದು 41! ಐದರಲ್ಲಿ ಎರಡು ಪಾಲು ಹಿಟ್ಟೇ ತಿನ್ನಿಸಿದ ಹಾಗೆ.

ಫೆರೆಟ್ ಫುಡ್ ಅಂತಲೇ ಬರೆದದ್ದೆಲ್ಲ ಒಳ್ಳೆಯದಲ್ಲ, ಕೆಲವದರಲ್ಲಿ ಒಣ ಹಣ್ಣಿನ ಚೂರು ಇರುತ್ತವೆ. ಅಂಥದ್ದಕ್ಕಿಂತ ಒಳ್ಳೆಯ ಬೆಕ್ಕಿನ ಮರಿಯ ಫುಡ್ ಎಷ್ಟೋ ಮೇಲು. ನಾಯಿಯದ್ದು ಬೇಡವೇ ಬೇಡ. ಮೀನೇ ಮುಖ್ಯವಾಗಿರುವುದೂ ಬೇಡ, ಎಷ್ಟೋ ಫೆರೆಟ್‌ಗಳು ಮೂಸಿಯೂ ನೋಡುವುದಿಲ್ಲ, ಕಕ್ಕದ ಪೆಟ್ಟಿಗೆಯ ನಾತ ಮಾತ್ರ ಮನೆ ತುಂಬ.

ಥೇಮ್ಸ್_ದಂಡೆ:
ತುಂಬಾ ಥ್ಯಾಂಕ್ಸ್. 40/20 ಇರುವ ಬೆಕ್ಕಿನ ಮರಿಯ ಫುಡ್ ತಂದೆವು. ಹೆಣ್ಣು ತಿಂದಿತು. ಗಂಡು ಮೂಸಿ, ಕಾಲಲ್ಲಿ ಕೆರೆದು ಬಟ್ಟಲಿಂದ ಹೊರಗೆ ಚೆಲ್ಲಿತು. ಹಸಿವಾದರೆ ತಾನೇ ತಿನ್ನುತ್ತೆ ಅಂತ ಬಿಡಬಹುದಾ?

ನೀರುನಾಯಿ:
ಬಿಡಲೇಬೇಡಿ. ನಾಯಿಗೆ ನಡೆಯುವ ಹಟ ಇದಕ್ಕೆ ನಡೆಯದು. ಹೊಟ್ಟೆ ಖಾಲಿಯಾದ ಕೆಲವೇ ಗಂಟೆಯಲ್ಲಿ ರಕ್ತದ ಸಕ್ಕರೆ ಇಳಿಯಬಹುದು. ಯಾವುದು ಆಹಾರ ಅನ್ನುವುದನ್ನು ಫೆರೆಟ್ ಮೂಗಿನಿಂದ ಕಲಿಯುತ್ತದೆ, ಅದೂ ಮೊದಲ ಆರು ತಿಂಗಳಲ್ಲಿ. ನಿಮ್ಮ ಗಂಡಿಗೆ ಅದು ತಿಂಡಿ ಅಂತಲೇ ಗೊತ್ತಾಗಿಲ್ಲ. ಐದು ತಿಂಗಳಷ್ಟೇ, ಇನ್ನೂ ಕಾಲ ಮಿಂಚಿಲ್ಲ.

ಹಳೆಯದು 9 ಚಮಚ, ಹೊಸದು 1 ಚಮಚ ಸೇರಿಸಿ ಮುಚ್ಚಳದ ಡಬ್ಬಿಯಲ್ಲಿ ಎರಡು ದಿನ ಇಟ್ಟುಬಿಡಿ, ವಾಸನೆ ಒಂದಕ್ಕೊಂದು ಹತ್ತಲಿ. ಅದನ್ನೇ ಹಾಕಿ. ಎರಡು-ಮೂರು ದಿನಕ್ಕೊಮ್ಮೆ ಒಂದು ಚಮಚ ಬದಲಿಸುತ್ತ ಹೋದರೆ ಮೂರು-ನಾಲ್ಕು ವಾರದಲ್ಲಿ ಪೂರ್ತಿ ಹೊಸದಕ್ಕೆ ಬರುತ್ತೀರಿ. ಹೊಸದನ್ನೇ ಆರಿಸಿ ಎಸೆದರೆ, ಪುಡಿ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ಗಂಜಿಯ ಹದಕ್ಕೆ ಕಲಸಿ, ಬೆರಳ ತುದಿಯಲ್ಲಿ ಒಂಚೂರು ತುಟಿಗೆ ಸವರಿ. ನೆಕ್ಕಿಯೇ ನೆಕ್ಕುತ್ತದೆ. ನಾಲ್ಕೈದು ಸಲ ನೆಕ್ಕಿದ ಮೇಲೆ ಬಟ್ಟಲಿಗೆ ತಾನೇ ಬಾಯಿ ಹಾಕೀತು. ನೆನೆದದ್ದು ಎರಡು-ಮೂರು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು.

ಸೋಫಾ ಸಂದಿಯನ್ನೂ ನೋಡಿ. ತಿಂಡಿ ಬಚ್ಚಿಡುವುದು ಇವುಗಳ ಹುಟ್ಟುಗುಣ. ಬಟ್ಟಲು ಖಾಲಿಯಾಯಿತು ಅಂದಮಾತ್ರಕ್ಕೆ ತಿಂದಿತು ಅಂತಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿಯೊಳಗೆ ಕೂರಿಸಿ ವಾರಕ್ಕೊಮ್ಮೆ ತೂಗಿ, ಅದು ಸುಳ್ಳು ಹೇಳುವುದಿಲ್ಲ. ಚಳಿಗಾಲದಲ್ಲಿ ದಪ್ಪಗಾಗಿ ಬೇಸಿಗೆಯಲ್ಲಿ ಇಳಿಯುವುದು ಸಹಜ.

ಕೊಪ್ಪದವ:
ಯುಕೆಯಲ್ಲಿ ಫ್ರೀಜ್ ಮಾಡಿದ ಒಂದು ದಿನದ ಕೋಳಿಮರಿ, ಇಲಿ, ಮೊಲದ ಮಾಂಸ ಸುಲಭವಾಗಿ ಸಿಗುತ್ತವಲ್ಲ, ಹಸಿಯದೇ ಮೇಲು ಅಲ್ಲವಾ?

ಲೇಬಲ್_ಓದುಗ:
ಪ್ರಮಾಣ ಸರಿಯಿದ್ದರೆ ಮೇಲು. ಆದರೆ ಬರೀ ಕೋಳಿ ಎದೆಮಾಂಸ ಹಾಕುವವರೇ ಹೆಚ್ಚು, ಅದರಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ಮೂಳೆ ಮೆತ್ತಗಾಗುತ್ತವೆ. ರೂಢಿಯ ಲೆಕ್ಕ, ನೂರರಲ್ಲಿ: ಮಾಂಸ ಮತ್ತು ಹೃದಯ 80, ಹಸಿ ಮೂಳೆ 10, ಒಳಾಂಗ 10, ಅದರಲ್ಲಿ ಲಿವರ್ ಅರ್ಧ ಮಾತ್ರ. ಲಿವರ್ ಹೆಚ್ಚಾದರೆ ವಿಟಮಿನ್ ಎ ಮಿತಿಮೀರುತ್ತದೆ. ಬೇಯಿಸಿದ ಮೂಳೆ ಸೀಳಿ ಚುಚ್ಚುತ್ತದೆ, ಹಾಕಲೇಬಾರದು. ಬರೀ ಕೋಳಿಮರಿಯ ಮೇಲೂ ಬಿಡಬೇಡಿ. ಹಕ್ಕಿಜ್ವರದ ವಿಷಯವೂ ಇದೆ: ಫ್ಲೂ ವೈರಸ್ ಫೆರೆಟ್‌ಗೆ ಬಲು ಬೇಗ ಹತ್ತುತ್ತದೆ, ಫ್ರೀಜ್ ಮಾಡಿದರೆ ಆ ವೈರಸ್ ಸಾಯುವುದಿಲ್ಲ. ಅಂದಹಾಗೆ ನಮ್ಮ ಫ್ಲೂ ಕೂಡ ಅದಕ್ಕೆ ಅಂಟುತ್ತದೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಎತ್ತಿ ಮುದ್ದು ಮಾಡುವುದು ನಿಲ್ಲಿಸಿ.

ಥೇಮ್ಸ್_ದಂಡೆ:
ಮಗಳು ದ್ರಾಕ್ಷಿ, ಬಾಳೆಹಣ್ಣು ತೋರಿಸಿದರೆ ಹಾರಿ ಬರುತ್ತವೆ. ಒಂದು ಚೂರೂ ಬೇಡವಾ?

ನೀರುನಾಯಿ:
ಬೇಡ. ಸಿಹಿ ಅಂದರೆ ಇವಕ್ಕೆ ಪ್ರಾಣ, ಅದೇ ತೊಂದರೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ (ಸಕ್ಕರೆ ಬದಲಿಗೆ ಹಾಕುವ ಸಿಹಿ) ಇರುವ ಚ್ಯೂಯಿಂಗ್ ಗಮ್ ಇವು ವಿಷದ ಲೆಕ್ಕ. ಉಳಿದ ಸಿಹಿಯೂ ಬೇಡ: ನಾಲ್ಕು ವರ್ಷ ದಾಟಿದ ಫೆರೆಟ್‌ಗಳಲ್ಲಿ ಇನ್ಸುಲಿನೋಮ, ಅಂದರೆ ಇನ್ಸುಲಿನ್ ವಿಪರೀತ ಸುರಿಸುವ ಗಡ್ಡೆ ಬಹಳ ಸಾಮಾನ್ಯ. ಪಿಷ್ಟ-ಸಕ್ಕರೆಯ ಮೇಲೆ ಅನುಮಾನವಿದೆ, ಸಾಬೀತಾಗಿಲ್ಲ. ಬಹುಮಾನಕ್ಕೆ ಹೆಬ್ಬೆರಳ ಉಗುರಿನಷ್ಟು ಫ್ರೀಜ್-ಡ್ರೈಡ್ ಕೋಳಿ ಮಾಂಸ ಸಾಕು, ಪೊಟ್ಟಣದಲ್ಲಿ ಸಿಗುತ್ತದೆ.

ಮುಂದೆಂದಾದರೂ ಶೂನ್ಯ ದಿಟ್ಟಿಸುವುದು, ಜೊಲ್ಲು ಸುರಿಸುತ್ತ ಬಾಯಿ ಕೆರೆದುಕೊಳ್ಳುವುದು, ಹಿಂಗಾಲು ಎಳೆಯುವುದು ಕಂಡರೆ ಒಸಡಿಗೆ ಸ್ವಲ್ಪ ಜೇನು ಸವರಿ, ಚೇತರಿಸಿಕೊಂಡ ಕೂಡಲೇ ನೆನೆಸಿದ ಡ್ರೈ ಫುಡ್ ತಿನ್ನಿಸಿ, ಹಾಗೇ ವೆಟ್‌ಗೆ ಒಯ್ಯಿರಿ. ಸೆಳೆತ ಬಂದಿರುವಾಗ ಬಾಯೊಳಗೆ ಬೆರಳು ಹಾಕಬೇಡಿ, ಕಚ್ಚಿದರೆ ಬಿಡಿಸುವುದು ಕಷ್ಟ. ಈಗಿನ ಭೇದಿ ಹಾಲು ನಿಲ್ಲಿಸಿದ ಎರಡು ದಿನಕ್ಕೂ ಕಟ್ಟದಿದ್ದರೆ, ಅಥವಾ ಕಕ್ಕ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಬಂದರೆ, ಒಂದು ಚೂರು ಡಬ್ಬಿಯಲ್ಲಿ ಹಾಕಿಕೊಂಡೇ ಹೋಗಿ.