ಬಾಯಿ ಹುಣ್ಣು: ಒಂದು ಮಾತ್ರ ವಾಸಿಯಾಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಬಾಯಿ ಹುಣ್ಣು ನನ್ನನ್ನು ಬಿಡುತ್ತಿಲ್ಲ. ಒಂದು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತದೆ, ತುಟಿಯ ಒಳಗೆ, ಕೆನ್ನೆಯ ಒಳಗೆ, ನಡುವೆ ಬೆಳ್ಳಗೆ, ಸುತ್ತ ಕೆಂಪಗೆ. ಊಟ ಬಿಡಿ, ಮಾತಾಡುವುದೂ ಕಷ್ಟ.

ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಖಾರ, ಹುಳಿ ಬಿಟ್ಟೆ, ನೋವಿಗೆ ಜೆಲ್ ಹಚ್ಚಿದೆ. ಟೂತ್‌ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಆಗಿಬರುವುದಿಲ್ಲ ಎಂದು ಓದಿ ಅದನ್ನೂ ಬದಲಿಸಿದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಅಂಶ ಸರಿಯಿತ್ತು, ವಿಟಮಿನ್ ಬಿ12 ಕಡಿಮೆ ಇತ್ತು. ಆರು ವಾರದಿಂದ ಮಾತ್ರೆ ತಗೊಳ್ತಾ ಇದ್ದೇನೆ. ಹೊಸ ಹುಣ್ಣು ಈಗ ಕಡಿಮೆ, ಅದು ನಿಜ.

ನನಗೆ ಅರ್ಥವಾಗದೇ ಇರುವುದು ಇದು. ಬೇರೆ ಹುಣ್ಣುಗಳೆಲ್ಲ 7ರಿಂದ 14 ದಿನದಲ್ಲಿ ಹೋಗುತ್ತವೆ. ನಾಲಿಗೆಯ ಎಡ ಅಂಚಿನದು ಮಾತ್ರ ಮೂರು ವಾರ ದಾಟಿದರೂ ಹಾಗೇ ಇದೆ, ಮತ್ತು ಸರಿಯಾಗಿ ಅದರ ಪಕ್ಕದಲ್ಲೇ ತುದಿ ಮುರಿದು ಚೂಪಾದ ಒಂದು ಹಲ್ಲಿದೆ. ಉಜ್ಜಿ ಉಜ್ಜಿ ಹೀಗಾಗಿರಬಹುದು, ಅಲ್ವಾ? ಆದರೆ ಮೂರು ವಾರಕ್ಕಿಂತ ಜಾಸ್ತಿ ಉಳಿದ ಹುಣ್ಣನ್ನು ತೋರಿಸಲೇಬೇಕು, ಅಪರೂಪಕ್ಕೆ ಅದು ಕ್ಯಾನ್ಸರ್ ಕೂಡ ಆಗಿರಬಹುದು ಎಂದು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಈ ವಾರ ತೋರಿಸುವುದಂತೂ ಖಂಡಿತ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಚೂಪು ಹಲ್ಲಿನಿಂದ ಹುಣ್ಣು ಆಗಿತ್ತಾ? ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋದಿರಾ, ಬೇರೆ ಯಾರ ಹತ್ತಿರವಾದರೂ ಹೋದಿರಾ? ಹಲ್ಲನ್ನು ನಯ ಮಾಡಿಸಿದ ಮೇಲೆ ಹುಣ್ಣು ಎಷ್ಟು ದಿನದಲ್ಲಿ ಮಾಯಿತು, ಅಥವಾ ಬಯಾಪ್ಸಿ (ಹುಣ್ಣಿನ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಬೇಕಾಯಿತಾ? ದಯವಿಟ್ಟು ತಿಳಿಸಿ.