ಮೈಸೂರು ರಾಕೆಟ್ಟಿನಲ್ಲಿ ಹೊಸತೇನಿತ್ತು?

ಪ್ರಶ್ನೆ (ಶಿಕ್ಷಕಿ, ಚಿತ್ರದುರ್ಗ):
ಏಳುಸುತ್ತಿನ ಕೋಟೆಯಲ್ಲಿ ನಿಂತು, 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ದುರ್ಗವನ್ನು ವಶಪಡಿಸಿಕೊಂಡ ಸಂಗತಿಯನ್ನು ಮಕ್ಕಳಿಗೆ ಹೇಳುತ್ತಿದ್ದಾಗ ಒಬ್ಬ ಹುಡುಗ, “ರಾಕೆಟ್ ಚೀನಾದಲ್ಲಿ ಮೊದಲೇ ಇತ್ತಲ್ಲ ಮಿಸ್, ಟಿಪ್ಪು ಹೊಸದಾಗಿ ಮಾಡಿದ್ದೇನು?” ಎಂದು ಕೇಳಿದ. ಅವನಿಗೆ ಸರಿಯಾದ ಉತ್ತರ ಕೊಡಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ಮೆಕ್ಯಾನಿಕಲ್ ಉಪನ್ಯಾಸಕ, ದಾವಣಗೆರೆ):
ಮೇಡಂ, ಹುಡುಗ ಕೇಳಬೇಕಾದ್ದನ್ನೇ ಕೇಳಿದ್ದಾನೆ. ಹೊಸತನವಿರುವುದು ಕಬ್ಬಿಣದ ಕೊಳವೆಯಲ್ಲಿ. ಕಾಗದದ ಅಥವಾ ಬಿದಿರಿನ ಕೊಳವೆಗೆ ಮದ್ದನ್ನು ಬಿಗಿಯಾಗಿ ತುಂಬಿದರೆ ಅದು ಒಡೆದುಹೋಗುತ್ತದೆ. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆದುಕೊಳ್ಳುವುದರಿಂದ ಉರಿದ ಅನಿಲವು ಹಿಂಬದಿಯ ರಂಧ್ರದಿಂದ ರಭಸವಾಗಿ ನುಗ್ಗಿ, ರಾಕೆಟ್ಟು ಸುಮಾರು 2 ಕಿಲೋಮೀಟರ್‌ವರೆಗೂ ಹೋಗುತ್ತಿತ್ತು. ಕೊಳವೆಗೆ ಚರ್ಮದ ಪಟ್ಟಿಯಿಂದ ಉದ್ದನೆಯ ಬಿದಿರು ಕೋಲನ್ನೋ ಕತ್ತಿಯ ಅಲಗನ್ನೋ ಬಿಗಿಯುತ್ತಿದ್ದರು. ಹಾರುವಾಗ ದಿಕ್ಕು ಕಾಯುತ್ತಿದ್ದುದು ಅದೇ. ಆದರೆ ಎಲ್ಲವೂ ಟಿಪ್ಪುವಿನದೆಂದು ಹೇಳಬೇಡಿ: ಬ್ರಿಟಿಷರ ವಿರುದ್ಧದ 1780ರ ಪೊಳ್ಳಿಲೂರು ಕದನದಲ್ಲಿ ಇವು ಹೈದರನ ಸೈನ್ಯದ ಆಯುಧಗಳಾಗಿದ್ದವು.

ಉತ್ತರ (ಇತಿಹಾಸದ ವಿದ್ಯಾರ್ಥಿ, ಚಿತ್ರದುರ್ಗ):
ಒಂದು ಮಾತು ಸೇರಿಸುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಬ್ರಿಟಿಷ್ ಸಂಶೋಧಕ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳಿಗೆ ಅವೇ ಪ್ರೇರಣೆ, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಬ್ರಿಟಿಷರು ಈ ಕಾಂಗ್ರೀವ್ ರಾಕೆಟ್ಟುಗಳನ್ನು ಹಾರಿಸಿದರು. ನಮ್ಮ ಹತ್ತಿರದ ಸಾಕ್ಷಿಯನ್ನೂ ಮಕ್ಕಳಿಗೆ ಹೇಳಿ: 2018ರಲ್ಲಿ ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನಲ್ಲಿ ಹಾಳುಬಾವಿಯೊಂದನ್ನು ಅಗೆದಾಗ, ಮದ್ದಿನ ವಾಸನೆಯ ಮಣ್ಣಿನೊಳಗಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹೈದರನ ಪಾಲನ್ನು ಸೇರಿಸಿಯೇ ಅವನಿಗೆ ಹೇಳುತ್ತೇನೆ.